ಎರಡು ಮನೆಗೊಂದೇ ಗೋಡೆ

ಮೇಸ್ತ್ರಮ್ಮನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಹಳೇಪೇಟೆಯಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ಗಂಡಸರು ಮಾತ್ರ ಕರಣೆ ಹಿಡಿಯುತ್ತಿದ್ದ ಕಾಲದಲ್ಲೇ ಅಪ್ಪನ ಹಿಂದೆ ಸಾರುವೆ ಹತ್ತಿದವಳು ಅವಳು. ಅಪ್ಪನಿಂದ ಕಲ್ಲು ಕಟ್ಟುವುದನ್ನು ಕಲಿತಳು, ಸುಣ್ಣ ಅರೆಯುವುದನ್ನು ಕಲಿತಳು, ಜೊತೆಗೆ ಯಾರ ಮುಖವನ್ನೂ ನೋಡದೆ ಬೈಯುವುದನ್ನೂ ಕಲಿತಳು. ಅವಳ ಗಂಡ ಅಂಚೆ ಕಚೇರಿಯಲ್ಲಿದ್ದು ನಿವೃತ್ತನಾದವನು. ಅವನನ್ನು ಎಲ್ಲರೂ ಮೇಸ್ತ್ರಮ್ಮನ ಗಂಡ ಎಂದೇ ಕರೆಯುತ್ತಿದ್ದರು. "ನನಗೂ ಒಂದು ಹೆಸರಿದೆ ಕಣ್ರಪ್ಪಾ" ಎಂದು ಅವನು ಆಗಾಗ ಗೊಣಗುತ್ತಿದ್ದ. ಏನು ಹೆಸರು ಎಂದು ಯಾರೂ ಕೇಳಲಿಲ್ಲ, ಅವನೂ ಹೇಳುವ ಗೋಜಿಗೆ ಹೋಗಲಿಲ್ಲ.

ಹಳೇಪೇಟೆಯ ಮನೆಗಳು ನೂರಾರು ವರ್ಷದವು. ಭುಜಕ್ಕೆ ಭುಜ ತಾಗಿಸಿ ನಿಂತವು. ಎರಡು ಮನೆಗೆ ನಡುವೆ ಒಂದೇ ಗೋಡೆ. ಆ ಗೋಡೆ ಕಟ್ಟುವ ರೀತಿಯೇ ಬೇರೆ. ಈ ಮನೆಯ ಕಡೆ ಒಂದು ಮುಖ, ಆ ಮನೆಯ ಕಡೆ ಇನ್ನೊಂದು ಮುಖ, ನಡುವೆ ಚೂರುಕಲ್ಲು ಮತ್ತು ಗಾರೆ. ಅಲ್ಲಲ್ಲಿ ಒಂದೊಂದು ಉದ್ದಗಲ್ಲು ಈ ಮುಖದಿಂದ ಆ ಮುಖದವರೆಗೆ ಹಾದುಹೋಗಿ ಎರಡನ್ನೂ ಹಿಡಿದಿಟ್ಟುಕೊಳ್ಳಬೇಕು. ಹಾಗಾಗಿ ಇಲ್ಲೊಬ್ಬರು, ಅಲ್ಲೊಬ್ಬರು ನಿಂತು ಒಟ್ಟಿಗೇ ಮೇಲೇರಿಸಬೇಕು. ಒಂದು ಕಡೆಯವರು ಮುಂದೆ ಹೋದರೆ ಇನ್ನೊಂದು ಕಡೆಯವರು ಬರುವವರೆಗೆ ಸುಮ್ಮನೆ ಕೂರಬೇಕು.

ಮೇಸ್ತ್ರಮ್ಮನ ಗೋಡೆಯ ಆಚೆ ಇದ್ದವಳು ಟೈಲರಮ್ಮ. ವಯಸ್ಸಿನಲ್ಲಿ ನಾಲ್ಕಾರು ವರ್ಷ ದೊಡ್ಡವಳು, ಬಾಯಲ್ಲಿ ಸರಿಸಮ. ಇವಳು ಮೊಳೆ ಹೊಡೆದರೆ ಅವಳಿಗೆ ತಲೆನೋವು, ಅವಳು ಮಿಷನ್ ತುಳಿದರೆ ಇವಳಿಗೆ ನಿದ್ದೆ ಇಲ್ಲ. ಇಬ್ಬರೂ ಜಗಳಕ್ಕೆ ನಿಂತರೆಂದರೆ ಬೀದಿಯ ಜನ ಕುರ್ಚಿ ಹಾಕಿಕೊಂಡು ಕೂರುವುದೊಂದೇ ಬಾಕಿ. ಅವರ ಗಂಡಂದಿರಿಬ್ಬರೂ ಮಾತ್ರ ಹೊಸ್ತಿಲ ಮೇಲೆ ಕೂತು ಚದುರಂಗ ಆಡುತ್ತಿದ್ದರು.

ಆಮೇಲೆ ಊರಿಗೆ ಯುದ್ಧ ಬಂತು. ಯಾರು ಯಾರ ಮೇಲೆ ಏಕೆ ಗುಂಡು ಹಾರಿಸಿದರು ಎನ್ನುವುದನ್ನು ಹೇಳಲು ದೊಡ್ಡ ದೊಡ್ಡ ಜನರಿದ್ದಾರೆ, ಅವರೇ ಹೇಳಿಕೊಳ್ಳಲಿ. ಹಳೇಪೇಟೆಗೆ ತಿಳಿದದ್ದು ಇಷ್ಟು: ಒಂದು ಮಧ್ಯಾಹ್ನ ಟೈಲರಮ್ಮನ ಮಾಡಿನ ಮೇಲೆ ಶೆಲ್ ಬಿತ್ತು, ನಡುಗೋಡೆ ಆ ಕಡೆಗೆ ಕುಸಿಯಿತು, ಗೋಡೆಗೆ ಬೆನ್ನು ಕೊಟ್ಟು ಕಾಜಾ ಹೊಲಿಯುತ್ತಿದ್ದ ಅವಳ ಗಂಡ ಅದರ ಕೆಳಗೆ ಸಿಕ್ಕಿಹೋದ. ಕಲ್ಲುಗಳನ್ನು ಒಂದೊಂದಾಗಿ ಎತ್ತಿ ತೆಗೆದವಳು ಮೇಸ್ತ್ರಮ್ಮ. ಕಲ್ಲು ಎತ್ತುವುದು ಅವಳಿಗೆ ಗೊತ್ತಿತ್ತಲ್ಲ, ಅದಕ್ಕೆ. ಅವನ ಕೈಯಲ್ಲಿ ಇನ್ನೂ ಸೂಜಿ ಇತ್ತು.

ಟೈಲರಮ್ಮ ಬೀಗದ ಕೈ ಬೀದಿಯ ತುದಿಯ ಅಂಗಡಿಯಲ್ಲಿ ಕೊಟ್ಟು, ಬೇರೆ ಊರಿನ ಮಗಳ ಮನೆಗೆ ಹೋದಳು.

ಗಲಾಟೆ ನಿಂತ ಮೇಲೆ ಹಳೇಪೇಟೆಯನ್ನು ಉಳಿಸುವುದಕ್ಕೆಂದು ಒಂದು ಕಚೇರಿ ತೆರೆಯಿತು. ಅಲ್ಲಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಮಾತು ಕಡಿಮೆ, ಕಣ್ಣು ಚುರುಕು. ಹಳೆಯ ರೀತಿಯಲ್ಲೇ ಎದ್ದು ನಿಲ್ಲಬಲ್ಲ ಮನೆಗಳಿಗೆ ಕಲ್ಲು, ಸುಣ್ಣ, ಮರ ಎಲ್ಲವನ್ನೂ ಕಚೇರಿಯೇ ಕೊಡುತ್ತದೆ, ಮಳೆಗಾಲದೊಳಗೆ ಗೋಡೆ ನಿಲ್ಲಬೇಕು, ನಿಲ್ಲದ ಮನೆಗಳನ್ನು ಕೆಡವಿ ರಸ್ತೆಗೆ ಸೇರಿಸುತ್ತಾರೆ ಎಂದು ಹೇಳಿದಳು. ಮೇಸ್ತ್ರಮ್ಮ ಬೀದಿಯವರ ಮನೆಗಳನ್ನೆಲ್ಲ ಎಬ್ಬಿಸುತ್ತಾ ಬಂದಳು. ಯಾರ ಗೋಡೆ ನೋಡಿದರೂ ಇಂಜಿನಿಯರ್ ಸರಿಯಿದೆ ಎಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ತನ್ನ ಮನೆಯನ್ನು ಮಾತ್ರ ಮೇಸ್ತ್ರಮ್ಮ ಕೊನೆಗೆ ಇಟ್ಟುಕೊಂಡಿದ್ದಳು.

ಆ ಕೊನೆಯ ಕೆಲಸದಲ್ಲೇ ಅವಳು ಎಡವಿದಳು. ಬೀಗದ ಕೈ ಅಂಗಡಿಯಲ್ಲಿತ್ತು, ಹೋಗಿ ತರಲಿಲ್ಲ. ತನ್ನ ಕಡೆಯ ಮುಖವನ್ನಷ್ಟೇ ಕಟ್ಟುತ್ತಾ ಹೋದಳು.

"ಉದ್ದಗಲ್ಲು ಎಲ್ಲೇ?" ಎಂದ ಗಂಡ, ನೀರು ಚಿಮುಕಿಸುತ್ತಾ.

"ಆಮೇಲೆ ಹಾಕಿದ್ರಾಯ್ತು."

"ಆಮೇಲೆ ಹೇಗೆ ಹಾಕ್ತೀಯ?"

"ನೀವೇನು ಮೇಸ್ತ್ರೀನಾ? ಬಾಯಿ ಮುಚ್ಕೊಂಡು ನೀರು ಹಾಕಿ."

ಅವನು ನೀರು ಹಾಕಿದ. ಗೋಡೆ ಎದೆಮಟ್ಟಕ್ಕೆ ಬರುವಷ್ಟರಲ್ಲಿ ಹೊಟ್ಟೆ ಬಿಟ್ಟುಕೊಂಡಿತು. "ಅಂತೂ ನನ್ನ ಹೊಟ್ಟೆಗೊಂದು ಜೊತೆ ಸಿಕ್ತು" ಎಂದು ಗಂಡ ನಗಿಸಲು ನೋಡಿದ. ಅವಳು ನಗಲಿಲ್ಲ. ಇಂಜಿನಿಯರ್ ಬಂದು ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿದಳು. ನೋಡುವ ಅಗತ್ಯವೇ ಇರಲಿಲ್ಲ.

"ಅಮ್ಮಾ, ಇದು ನೀವು ಕಟ್ಟಿದ್ದು ಅಂತ ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರಲಿಲ್ಲ. ಆ ಕಡೆಗೆ ಯಾಕೆ ಹೋಗಲಿಲ್ಲ?"

"ಅವರ ಮನೆ. ಅವರಿಲ್ದೆ ಹೇಗೆ ಹೋಗ್ಲಿ?"

"ಹಾಗಾದ್ರೆ ಅವರನ್ನ ಕರ್ಕೊಂಡು ಬನ್ನಿ. ಇದನ್ನ ಹೀಗೇ ಬಿಟ್ರೆ ಎರಡೂ ಮನೆ ಹೋಗುತ್ತೆ, ನಾನು ಏನೂ ಮಾಡೋಕಾಗಲ್ಲ." ಹುಡುಗಿಯ ದನಿಯಲ್ಲಿ ಗದರಿಕೆ ಇರಲಿಲ್ಲ. ಅದೇ ಮೇಸ್ತ್ರಮ್ಮನಿಗೆ ಹೆಚ್ಚು ಚುಚ್ಚಿತು. ಕಟ್ಟಿದ್ದನ್ನೆಲ್ಲ ತಾನೇ ಕಿತ್ತು, ಕೈಕಾಲು ತೊಳೆದು, ಮರುದಿನ ಬಸ್ಸು ಹತ್ತಿದಳು.

ಟೈಲರಮ್ಮ ಮಗಳ ಮನೆಯ ಕಿಟಕಿ ಬಳಿ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ತಲೆ ಎತ್ತಿದಳು, ಮತ್ತೆ ಬಗ್ಗಿಸಿದಳು.

"ನನ್ನ ಹುಡುಕ್ಕೊಂಡು ಇಲ್ಲೀವರೆಗೂ ಬಂದ್ಯಾ ಜಗಳ ಆಡೋಕೆ?"

"ಗೋಡೆ ಕಟ್ಟಬೇಕು ಅಕ್ಕ. ನೀವು ಬಂದು ಆ ಕಡೆ ನಿಲ್ಲಬೇಕು. ಇಲ್ದಿದ್ರೆ ಎರಡೂ ಮನೆ ಕೆಡವ್ತಾರೆ."

ಅಕ್ಕ ಎಂಬ ಮಾತು ಮೇಸ್ತ್ರಮ್ಮನ ಬಾಯಿಂದ ಎಂದೂ ಬಂದಿರಲಿಲ್ಲ. ಆದರೂ ಟೈಲರಮ್ಮನ ಮುಖ ಸಡಿಲವಾಗಲಿಲ್ಲ.

"ಕೆಡವಲಿ. ಅವರ ಮೇಲೆ ಬಿದ್ದ ಗೋಡೆ ಅದು. ಅದನ್ನ ಎಬ್ಬಿಸೋಕೆ ನಾನು ಬಂದು ಕಲ್ಲು ಹಿಡೀಬೇಕಾ? ನಿನಗೆ ಬೇಕಿದ್ರೆ ನೀನೇ ಹೋಗಿ ಕಟ್ಕೋ. ಬೀಗದ ಕೈ ಅಂಗಡೀಲಿದೆಯಲ್ಲ."

ಮೇಸ್ತ್ರಮ್ಮ ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದಳು. ಅಜ್ಜಂದಿರ ಕಾಲದ ಮನೆ, ಬೀದಿಯ ಸಾಲು, ಇಂಜಿನಿಯರ್ ಹೇಳಿದ ಮಳೆಗಾಲದ ಗಡುವು. ಒಂದೂ ಬಾಯಿಗೆ ಬರಲಿಲ್ಲ.

"ಬೀಗದ ಕೈ ಇತ್ತು. ನಾನು ತಗೊಳ್ಲಿಲ್ಲ. ಒಂದೇ ಮಗ್ಗುಲು ಕಟ್ಟಿದೆ, ಹೊಟ್ಟೆ ಬಿಟ್ಕೊಂಡ್ತು. ಕಲೀತಿರೋರೂ ಹಾಗೆ ಕಟ್ಟಲ್ಲ."

"ಮತ್ಯಾಕೆ ಕಟ್ಟಿದೆ?"

"ಆ ಕೋಣೆ ಒಳಗೆ ಕಾಲಿಡೋಕೆ ನನಗೆ ಧೈರ್ಯ ಬರ್ಲಿಲ್ಲ ಅಕ್ಕ."

ಟೈಲರಮ್ಮ ದಾರವನ್ನು ಹಲ್ಲಿನಿಂದ ಕಡಿದಳು. ಊರಿಗೆಲ್ಲ ದರ್ಬಾರು ಮಾಡುವ ಹೆಂಗಸು ತನ್ನೆದುರು ಕೂತು ಮೂಗು ಒರೆಸಿಕೊಳ್ಳುವುದನ್ನು ತುಸು ಹೊತ್ತು ನೋಡಿದಳು. ತನಗೊಬ್ಬಳಿಗೇ ಆ ಕೋಣೆ ಭಯ ಹುಟ್ಟಿಸುತ್ತದೆ ಎಂದು ಇಷ್ಟು ದಿನ ಅಂದುಕೊಂಡಿದ್ದಳು. ಮಗಳು, ಅಳಿಯ ಎಷ್ಟು ಸಮಾಧಾನ ಹೇಳಿದ್ದರೂ ಇಳಿಯದಿದ್ದ ಭಾರ ಸ್ವಲ್ಪ ಇಳಿದಂತಾಯಿತು.

"ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ?" ಎಂದಳು. ಆಮೇಲೆ, ಸಡಿಲ ಬಿಟ್ಟಿದ್ದೇ ತಪ್ಪಾಯಿತೇನೋ ಎಂಬಂತೆ, "ಕಿಟಕಿ ಪಕ್ಕದ ಸೀಟು ನಂದು" ಎಂದು ಸೇರಿಸಿದಳು.

ಇಬ್ಬರೂ ಒಟ್ಟಿಗೇ ಬೀಗ ತೆಗೆದರು. ಯಾರು ಮೊದಲು ಒಳಗೆ ಹೋದರೆಂದು ಕೇಳಿದರೆ ಇಬ್ಬರೂ ಇನ್ನೊಬ್ಬರ ಹೆಸರು ಹೇಳುತ್ತಾರೆ. ಮಾಡಿನ ತೂತಿನಿಂದ ಬಿಸಿಲು ಬೀಳುತ್ತಿತ್ತು, ನೆಲದಲ್ಲಿ ಹುಲ್ಲು ಹುಟ್ಟಿತ್ತು. ಟೈಲರಮ್ಮ ಹುಲ್ಲು ಕಿತ್ತಳು. ಕಿತ್ತು ಮುಗಿಯುವವರೆಗೆ ಮೇಸ್ತ್ರಮ್ಮ ಗಾರೆ ಕಲಸುವ ನೆಪದಲ್ಲಿ ಹೊರಗಿದ್ದಳು.

ಕೆಲಸ ಶುರುವಾಯಿತು. ಈಚೆ ಮೇಸ್ತ್ರಮ್ಮ ಒಂದು ವರಸೆ ಕಟ್ಟುವಳು, ಆಮೇಲೆ ಸುತ್ತಿ ಬಂದು ಆಚೆ ಒಂದು ವರಸೆ ಕಟ್ಟುವಳು. ಉದ್ದಗಲ್ಲು ಬಂದಾಗ ಗಂಡಹೆಂಡತಿ ಈಚೆಯಿಂದ ನೂಕುವರು, ಟೈಲರಮ್ಮ ಆಚೆ ಅದರ ತುದಿಗೆ ಕೈಯಿಟ್ಟು ಬರಮಾಡಿಕೊಳ್ಳುವಳು. ಬಟ್ಟೆಯ ಅಂಚು ನೋಡಿ ನೋಡಿ ಪಳಗಿದ ಕಣ್ಣು ಅವಳದು.

"ಎಡಕ್ಕೆ ಒಂದು ನೂಲು."

"ನೂಲಲ್ಲ ಅಕ್ಕ, ಇದು ಕಲ್ಲು."

"ಕಲ್ಲಾದ್ರೇನು, ಸೊಟ್ಟ ಸೊಟ್ಟವೇ. ಎಡಕ್ಕೆ ತಳ್ಳು ಅಂದ್ರೆ ತಳ್ಳು."

ಎರಡೂ ಕಡೆಯಿಂದ ಬೈಗುಳ ಏರುತ್ತಿದ್ದಂತೆ ಗೋಡೆಯೂ ಏರಿತು. ಬೀದಿಯವರು ಬಾಗಿಲಿಗೆ ಬಂದು ನಿಂತು, ಬಹಳ ಕಾಲದ ಮೇಲೆ, ಮನಸಾರೆ ನಕ್ಕರು. ಇಂಜಿನಿಯರ್ ಬಂದು ಎರಡೂ ಮುಖಕ್ಕೆ ತೂಗುಗುಂಡು ಇಳಿಬಿಟ್ಟಳು. ದಾರ ಕಲ್ಲಿಗೆ ಅಂಟಿಕೊಂಡಂತೆ ನಿಂತಿತು. ಹುಡುಗಿ ಎಂದಿನಂತೆ ತಲೆಯಾಡಿಸಿ ಮುಂದೆ ಹೋಗಲಿಲ್ಲ. ಗೋಡೆಯನ್ನು ಒಮ್ಮೆ ಸವರಿ, "ಎರಡೂ ಮನೆ ಉಳೀತು ಅಮ್ಮಾ" ಎಂದಳು. ಮೇಸ್ತ್ರಮ್ಮನ ಗಂಡ ನೀರಿನ ಬಕೆಟ್ಟಿನ ಮೇಲೆ ಕೂತು ಮಗುವಿನಂತೆ ಅತ್ತುಬಿಟ್ಟ.

ಸಂಜೆ ಸಲಕರಣೆ ತೊಳೆದಿಟ್ಟ ಮೇಲೆ ಮೇಸ್ತ್ರಮ್ಮನಿಗೆ ಆ ಕಡೆಯಿಂದ ಸದ್ದೇ ಇಲ್ಲ ಅನ್ನಿಸಿತು. ಸುತ್ತಿ ಓಡಿದಳು. ಟೈಲರಮ್ಮ ನೆಲದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ, ಬೆನ್ನನ್ನು ಪೂರ್ತಿ ಗೋಡೆಗೆ ಕೊಟ್ಟು ಕೂತಿದ್ದಳು. ಹಸಿ ಗೋಡೆಯ ಹತ್ತಿರ ಬೆಕ್ಕು ಸುಳಿದರೂ ಕಲ್ಲು ಬೀಸುವ ಹೆಂಗಸು ಮೇಸ್ತ್ರಮ್ಮ. ಬಾಯಿ ತೆರೆದವಳು ದನಿ ತಗ್ಗಿಸಿದಳು.

"ಅಕ್ಕ, ಗಾರೆ ಇನ್ನೂ ಹಸಿ ಇದೆ. ಬಟ್ಟೆಗೆ ಸುಣ್ಣ ಹತ್ತುತ್ತೆ."

"ಹತ್ತಲಿ ಬಿಡು. ಇನ್ನೊಂದು ಹೊಲ್ಕೋತೀನಿ." ಟೈಲರಮ್ಮ ಕಣ್ಣು ತೆರೆಯಲಿಲ್ಲ. ಪಕ್ಕದ ನೆಲವನ್ನು ಅಂಗೈಯಿಂದ ಎರಡು ಸಲ ತಟ್ಟಿದಳು.

ಮೇಸ್ತ್ರಮ್ಮ ಕೂತಳು. ತಾನು ಕಟ್ಟಿದ ಹಸಿ ಗೋಡೆಗೆ ಜೀವಮಾನದಲ್ಲಿ ಮೊದಲ ಸಲ ತಾನೂ ಬೆನ್ನು ಕೊಟ್ಟಳು. ಗೋಡೆ ಇಬ್ಬರನ್ನೂ ಹೊತ್ತುಕೊಂಡಿತು.