ನಿಪ್ಪಾಣಿಯ ಆಯಿ

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನಾಗ ಎಂಟು ವರ್ಷದವಳು, ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವಳು. ಅವ್ವ ನನ್ನನ್ನು ಅಲಖನೂರಿನಿಂದ ನಿಪ್ಪಾಣಿಗೆ ಕರೆದುಕೊಂಡು ಹೋಗಿ ತನ್ನ ಅಕ್ಕನ ಮನೆಯಲ್ಲಿ ಬಿಟ್ಟಳು. ಮರಾಠಿ ಮನೆ ಸೇರಿದ್ದ ದೊಡ್ಡವ್ವನಿಗೆ ಮಕ್ಕಳಿರಲಿಲ್ಲ.

“ಒಂದ ವರ್ಷ ಸಾಲಿ ಕಲಿ, ಆಮ್ಯಾಲ ಕರಕೊಂಡ ಹೋಗ್ತೀನಿ. ಇನ್ನ ಮ್ಯಾಲ ಅಕಿಗೆ ಆಯಿ ಅನ್ನು,” ಎಂದಳು ಅವ್ವ.

ನಮ್ಮ ಕಡೆ ಆಯಿ ಎಂದರೆ ಅಜ್ಜಿ. ದೊಡ್ಡವ್ವನಿಗೆ ಕೂದಲು ನರೆತಿತ್ತು, ಹಾಗಾಗಿ ನನಗೇನೂ ಅನಿಸಲಿಲ್ಲ. ಪಕ್ಕದ ಮನೆಯ ಮುಸ್ಲಿಂ ಚಾಚಿ ನಾನು ಶಾಲೆಯಿಂದ ಬಂದಾಗಲೆಲ್ಲ “ಆಯಿ ಕ್ಯಾ ಬೇಟಿ?” ಎನ್ನುತ್ತಿದ್ದಳು. ಬಂದೆಯಾ ಎಂದು ಕೇಳುತ್ತಿದ್ದಾಳೆಂದು ತಿಳಿಯದೆ, “ಒಳಗ ಅದಾಳ್ರಿ” ಎನ್ನುತ್ತಿದ್ದೆ.

ಹದಿನೈದು ದಿನ ಕಳೆದಿರಬೇಕು. ಮರಾಠಿ ಶಾಲೆಯ ತರಗತಿಯಲ್ಲಿ ಬಾಯಿಯವರು, ನಾವು ಟೀಚರನ್ನು ಕರೆಯುತ್ತಿದ್ದುದೇ ಹಾಗೆ, ಪ್ರತಿಯೊಬ್ಬರಿಗೂ ತಮ್ಮ ಆಯಿಯ ಬಗ್ಗೆ ಹೇಳಲು ಹೇಳಿದರು. ನಾನೆದ್ದು ನಮ್ಮೂರಿನ ಅಜ್ಜಿಯ ಬಗ್ಗೆ ಕನ್ನಡದಲ್ಲೇ ಹೇಳಿದೆ: ಬಾಯಲ್ಲಿ ಹಲ್ಲಿಲ್ಲ, ಅಡಿಕೆ ಕುಟ್ಟಿಕೊಂಡು ತಿನ್ನುತ್ತಾಳೆ. ಕನ್ನಡ ಬಲ್ಲ ಹುಡುಗಿಯರು ಬಿದ್ದು ಬಿದ್ದು ನಕ್ಕರು.

“ಮರಾಠ್ಯಾಗ ಆಯಿ ಅಂದ್ರ ಹಡೆದವ್ವ, ತಂಗಿ,” ಎಂದರು ಬಾಯಿಯವರು.

“ನಮ್ಮವ್ವ ಅಲಖನೂರಾಗ ಅದಾಳ್ರಿ.”

ಅವರು ರಿಜಿಸ್ಟರ್ ತೆರೆದು ನೋಡಿದರು. ತಾಯಿಯ ಹೆಸರಿನ ಜಾಗದಲ್ಲಿ ದೊಡ್ಡವ್ವನ ಹೆಸರಿತ್ತು. ಅದನ್ನು ಮುಚ್ಚಿ ಮುಂದಿನ ಹುಡುಗಿಯನ್ನು ಎಬ್ಬಿಸಿದರು.

ಮನೆಗೆ ಓಡಿಬಂದು, ತಾಯಿಯ ಜಾಗದಲ್ಲಿ ನಿನ್ನ ಹೆಸರೇಕಿದೆ ಎಂದು ಕೇಳಿದೆ. ದೊಡ್ಡವ್ವ ಒಲೆಯ ಉರಿ ತಗ್ಗಿಸಿ ನನ್ನತ್ತ ತಿರುಗಿದಳು. “ನಿಮ್ಮವ್ವ ಹೇಳಿಲ್ಲೇನ? ನಿನ್ನ ನಮಗ ದತ್ತಕ ಕೊಟ್ಟಾಳ, ಅದಕ್ಕ ನಿನ್ನೂ ಒಪ್ಪಿಸೀನಿ ಅಂದಿದ್ಳಲ್ಲ ನನ್ನ ಮುಂದ!”

ದೀಪಾವಳಿಗೆ ಊರಿಗೆ ಹೋದಾಗ ಅವ್ವನನ್ನು ಹಿತ್ತಲಲ್ಲಿ ಹಿಡಿದು ನಿಲ್ಲಿಸಿದೆ. “ಯಾಕ ಹೇಳಲಿಲ್ಲ?”

“ಹೇಳಿದ್ರ ಬಸ್ ಹತ್ತತಿದ್ದೇನ?”

“ಇಲ್ಲ.”

“ಅದಕ್ಕs ಹೇಳಲಿಲ್ಲ,” ಎಂದು ಪಾತ್ರೆ ತಿಕ್ಕುವುದನ್ನು ಮುಂದುವರಿಸಿದಳು. ರಜೆ ಮುಗಿಯುವ ಮೊದಲೇ ನಾನಾಗಿ ನಿಪ್ಪಾಣಿಯ ಬಸ್ ಹತ್ತಿದೆ.

ಕಾಲೇಜಿನಲ್ಲಿ ಒಬ್ಬ ಸರ್ ಇದೇ ಶಬ್ದವನ್ನು ವಿವರಿಸಿದರು. ಹಿಂದಿಯ ‘ಆಯಿ’ ಬರುವುದಕ್ಕೆ ಸಂಬಂಧಿಸಿದ್ದು, ಅದರ ಬೇರೇ ಬೇರೆ. ನಮ್ಮ ಆಯಿಗೂ ಹಿಂದೆ ತಾಯಿ ಎಂಬ ಅರ್ಥವಿತ್ತಂತೆ. ಮರಾಠಿಗೆ ಅದು ದಕ್ಷಿಣದ ನುಡಿಗಳಿಂದಲೇ ಹೋಗಿರಬಹುದೆಂದು ಕೆಲವರು ಹೇಳುತ್ತಾರಂತೆ. ಗೆಳತಿಯರು ಬರೆದುಕೊಂಡರು. ನನ್ನ ಕೈ ಓಡಲಿಲ್ಲ. ಅವ್ವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಎರಡೂ ಅರ್ಥ ಗೊತ್ತಿದ್ದೇ ಆ ಶಬ್ದವನ್ನು ನನಗೆ ಹೇಳಿಕೊಟ್ಟಿದ್ದಳು.

ಕೆಲವು ವರ್ಷಗಳ ನಂತರ ನನ್ನ ಮದುವೆಯಾಯಿತು. ದೊಡ್ಡವ್ವ, ದೊಡ್ಡಪ್ಪ ಧಾರೆ ಎರೆದರು. ಅವ್ವ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಅವಳನ್ನು ಮುಂದೆ ಕರೆಯಲೇ ಎಂದು ದೊಡ್ಡವ್ವ ಮೆಲ್ಲಗೆ ಕೇಳಿದಳು. ಬೇಡ ಎಂದೆ.