ಬೈಟು ಇಲಿ

ಕೊರಗಪ್ಪನವರು ಮುಂಬಯಿ ಫೋರ್ಟಿನ ಉಡುಪಿ ಹೊಟೇಲಿನಲ್ಲಿ ಮೂವತ್ತೊಂದು ವರ್ಷ ಕಾಫಿ ಎತ್ತಿ ಹೊಯ್ದವರು. ಅವರು ಹೊಯ್ಯುವಾಗ ಮೇಲಿನ ಲೋಟ ಚರ್ಚ್‌ಗೇಟಿನಲ್ಲಿ, ಕೆಳಗಿನದು ವಿರಾರಿನಲ್ಲಿ. ನಡುವೆ ಫಾಸ್ಟ್ ಲೋಕಲ್ ರೈಲು ಹಾದುಹೋದರೂ ನೊರೆ ಒಡೆಯುತ್ತಿರಲಿಲ್ಲ. ಆದರೆ ಸ್ವಂತಕ್ಕೆ ಅವರು ಪೂರ್ತಿ ಲೋಟ ಕುಡಿದವರೇ ಅಲ್ಲ. ಸಂಜೆ ನಾಲ್ಕಕ್ಕೆ ಹಿಟ್ಟು ರುಬ್ಬುವ ಕಾಶಪ್ಪ ಬಂದು ನಿಲ್ಲಬೇಕು, ಒಂದು ಕಾಫಿ ಎರಡು ಲೋಟವಾಗಬೇಕು. ಬೈಟು. ಚೀಟಿಯಲ್ಲಿ ಮಾಣಿಗಳು ಅದನ್ನು 'ಬಿ/2' ಎಂದು ಬರೆಯುತ್ತಿದ್ದರು.

ಕಾಶಪ್ಪ ತೀರಿಕೊಂಡ ಮರುವರ್ಷ ಹೊಟೇಲೂ ಬಾಗಿಲು ಹಾಕಿತು. ಅಂಧೇರಿಯ ಬಾಡಿಗೆ ಖೋಲಿಯಲ್ಲಿ ಕೊರಗಪ್ಪನವರಿಗೆ ಮಾತಿಗೆ ಸಿಕ್ಕಿದ್ದು ಗೋಡೆಯ ಹಲ್ಲಿ ಒಂದೇ. ಅದೂ ಅವರ ಕಥೆಗಳೆಲ್ಲ ಬಾಯಿಪಾಠವಾದ ಮೇಲೆ ಪಕ್ಕದ ಮನೆಗೆ ಬಿಡಾರ ಬದಲಿಸಿತು. ಕೊನೆಗೆ ವಿಲೆ ಪಾರ್ಲೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಅಲ್ಲಿ ಶ್ರಾವ್ಯಾ ಎಂಬ ವಿದ್ಯಾರ್ಥಿನಿ ಇಲಿಗಳಿಗೆ ಎಂಟು ವಾರ ಕಾಫಿಯ ಸತ್ವವಾದ ಕೆಫೀನ್ ಕುಡಿಸಿ, ರಕ್ತಕ್ಕೂ ಯಕೃತ್ತು, ಮೂತ್ರಪಿಂಡಗಳಿಗೂ ಏನಾಗುತ್ತದೆಂದು ನೋಡುವವಳಿದ್ದಳು. ಪಂಜರಕ್ಕೊಂದೇ ಇಲಿ. ಮೇಲಿನ ಸಾಲು 'ಎ'ಗೆ ಬರೀ ನೀರು. ಕೆಳಗಿನ ಸಾಲು 'ಬಿ'ಗೆ ಕೆಫೀನ್ ನೀರು.

"ಎಂಟನೇ ವೀಕ್ ನಂತರ ಸಬ್ ಕೋ ಸ್ಯಾಕ್ರಿಫೈಸ್, ಕೊಲ್ಲೋದು, ಅಂಕಲ್. ಒಳಗಿನ ಆರ್ಗನ್ ನೋಡ್ಬೇಕಲ್ಲ."

ಕೊರಗಪ್ಪನವರು ತಲೆಯಾಡಿಸಿದರು. ಅಷ್ಟರಲ್ಲಾಗಲೇ ಕೆಳಸಾಲಿನ ಎರಡನೇ ಇಲಿಗೆ ಅವರು ಕಾಶಪ್ಪ ಎಂದು ಹೆಸರಿಟ್ಟಾಗಿತ್ತು. ನಾಲ್ಕು ಗಂಟೆಗೆ ಕರೆದರೆ ಅದು ಸರಳಿಗೆ ಮೂಗೊತ್ತಿ ನಿಲ್ಲುತ್ತಿತ್ತು, ಥೇಟ್ ರುಬ್ಬುಗಲ್ಲಿನ ಕಾಶಪ್ಪನ ಹಾಗೆ. ಮುಂಬಯಿಯ ಎರಡು ಕೋಟಿ ಜನರಲ್ಲಿ ಅವರ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದುದು ಆ ಇಲಿಯೊಂದೇ. ಅದಕ್ಕೆ ಉಳಿದಿದ್ದು ಎಂಟು ವಾರ.

ಪಂಜರದ ಚೀಟಿಗಳಲ್ಲಿ ಬಿ-1, ಬಿ-3 ಎಂದು ಗೆರೆ ನೆಟ್ಟಗಿತ್ತು. ಕಾಶಪ್ಪನದರಲ್ಲಿ ಮಾತ್ರ, ಲೋಕಲ್ ಹಿಡಿಯುವ ಅವಸರದಲ್ಲಿ ಶ್ರಾವ್ಯಾಳ ಪೆನ್ನು ಜಾರಿ, ಗೆರೆ ಓರೆಯಾಗಿತ್ತು: ಬಿ/2.

ಮೂವತ್ತೊಂದು ವರ್ಷದ ಕೈ ಇನ್ನೇನು ಓದೀತು? ದಿನವೂ ಕಾಶಪ್ಪನ ಬಾಟಲಿಯನ್ನೂ ಮೇಲಿನ ಎ-2ರ ಬಾಟಲಿಯನ್ನೂ ಒಂದು ಜಗ್ಗಿಗೆ ಸುರಿದು, ಸೂರಿನೆತ್ತರದಿಂದ ಎತ್ತಿ ಹೊಯ್ದು, ಎರಡಕ್ಕೂ ಸಮನಾಗಿ ಹಂಚಿದರು. ನೊರೆ ಬರಲಿಲ್ಲ ಎಂಬುದೊಂದೇ ಬೇಜಾರು.

ನಾಲ್ಕನೇ ವಾರ ಬಾಲದಿಂದ ಎರಡು ಹನಿ ರಕ್ತ ತೆಗೆದು ಪರೀಕ್ಷಿಸಿದ ಶ್ರಾವ್ಯಾ ಕಣ್ಣೀರಾಗಿ ಕೂತಿದ್ದಳು.

"ಎ-2 ನೀರಿನ ಇಲಿ, ಅಂಕಲ್! ಅದರ ಬ್ಲಡ್ಡಲ್ಲಿ ಕೆಫೀನ್ ಕೈಸೇ ಆಯಾ? ಬಿ-2ರಲ್ಲಿ ನೋಡಿದ್ರೆ ಆಧಾ, ಬರೀ ಅರ್ಧ. ನನ್ನದೇ ಮಿಸ್ಟೇಕ್ ಅಂತ ಬರೀಬೇಕು ಈಗ."

ಕೊರಗಪ್ಪನವರು ಚೀಟಿ ನೋಡಿದರು, ಅವಳನ್ನು ನೋಡಿದರು. "ನಿನ್ನದಲ್ಲ ಮಗಾ, ನಂದು. ಬೈಟು ಅಂತ ಬರ್ದದ್ದಲ್ವಾ ನೀನು?"

ವಿಷಯ ಅರ್ಥವಾಗಲು ಅವಳಿಗೆ ಐದು ನಿಮಿಷ ಹಿಡಿಯಿತು. ಅತ್ತ ಮುಖದಲ್ಲೇ ನಕ್ಕುಬಿಟ್ಟಳು. "ಈ ಎರಡು ಔಟ್. ಬೇರೆ ಎರಡು ತರಿಸ್ಬೇಕು."

"ಔಟ್ ಅಂದ್ರೆ ಎಂತ? ಈಗಲೇ ಕೊಲ್ಲುದಾ?" ಕೊರಗಪ್ಪನವರು ಕಾಶಪ್ಪನ ಪಂಜರದ ಮುಂದೆ ಹೋಗಿ ನಿಂತರು.

ಶ್ರಾವ್ಯಾ ಹೋಗಿ ಮೇಲಿನವರನ್ನು ಕೇಳಿ ಬಂದಳು. ಜೂನಿಯರ್‌ಗಳಿಗೆ ಇಲಿ ಹಿಡಿಯುವುದನ್ನು ಕಲಿಸಲು ಎರಡನ್ನೂ ಇಟ್ಟುಕೊಳ್ಳಬಹುದಂತೆ. ಇನ್ನು ಬೇರೆ ಬೇರೆ ಪಂಜರವೂ ಬೇಡವಂತೆ. ಕೊರಗಪ್ಪನವರೇ ಎ-2ನ್ನು ಎತ್ತಿ ಕಾಶಪ್ಪನ ಪಂಜರಕ್ಕೆ ಬಿಟ್ಟರು. ಅವಳು ಚೀಟಿ ಕೀಳಹೋದಾಗ ಕೈ ಅಡ್ಡ ಹಿಡಿದರು. "ಅದು ಇರ್ಲಿ. ಈಗ ಸರಿ ಉಂಟು."

ಮರುವಾರ ನಾಲ್ಕಕ್ಕೆ, "ಕಾಶಪ್ಪಾ," ಎಂದರು. ಯಾರೂ ಸರಳಿನ ಬಳಿ ಬರಲಿಲ್ಲ. ಎರಡೂ ಒಂದರ ಹೊಟ್ಟೆಗೊಂದು ತಲೆಯಿಟ್ಟು ಮಲಗಿದ್ದವು. ಇನ್ನೊಮ್ಮೆ ಕರೆದರು, ಒಂದು ಕಿವಿ ಅಲ್ಲಾಡಿತು, ಅಷ್ಟೆ.

"ಮಲಗು ಮಾರಾಯ," ಎಂದು ಕ್ಯಾಂಟೀನಿಗೆ ಹೋಗಿ ಒಂದು ಕಾಫಿ ಹೇಳಿದರು. ಪೂರ್ತಿ ಲೋಟದಲ್ಲಿ ಅರ್ಧ ದಾಟುವಷ್ಟರಲ್ಲಿ ಕಾಫಿ ತಣ್ಣಗಾಗಿರುತ್ತದೆಂದು ಅರವತ್ತಮೂರನೇ ವಯಸ್ಸಿನಲ್ಲಿ ಅವರಿಗೆ ಗೊತ್ತಾಯಿತು.