ಸೀತವ್ವ ಅಳೆದ ಸೈಕಲ್ ಹಾದಿ

ಮಿರಜ ಸೀಮೆಯ ಆರಗದಿಂದ ಮೂರು ಮೈಲು ಆಚೆಗಿನ ಪುಟ್ಟ ವಾಡಿಯಲ್ಲಿ ಸೀತವ್ವ ಯಾವುದನ್ನೂ ಅಳೆಯದೆ ನಂಬಿದವಳಲ್ಲ. ಅಂಗಡಿಯವನು ಐದು ಕಿಲೋ ಜೋಳ ಕಟ್ಟಿಕೊಟ್ಟರೆ ಮನೆಗೆ ಬಂದು ತನ್ನ ಸೇರಿನಲ್ಲಿ ಮತ್ತೆ ಅಳೆಯುವಳು. ಸೀರೆ ಕೊಂಡರೆ ಅಂಗಡಿಯ ಕಟ್ಟೆಯ ಮೇಲೆಯೇ ಮೊಳ ಹಾಕುವಳು. "ಸೀತವ್ವನ ಮುಂದ ದೇವರು ಬಂದು ನಿಂತರೂ ಎಷ್ಟು ಗೇಣು ಎತ್ತರ ಅದಾನ ಅಂತ ನೋಡತಾಳ" ಎಂದು ಊರು ನಗುತ್ತಿತ್ತು. ಗಂಡ ಶಿದ್ರಾಮ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಸಾಕ್ಷರತೆಯ ವರ್ಗದಲ್ಲಿ ಕಲಿತದ್ದು ತನ್ನ ಹೆಸರು ಬರೆಯುವಷ್ಟು. ಅಕ್ಷರಕ್ಕಿಂತ ಅಂಕಿಗಳನ್ನು ಚೆನ್ನಾಗಿ ಓದುತ್ತಿದ್ದಳು. ಹೆಣ್ಣುಮಕ್ಕಳ ಮೀಸಲು ಸ್ಥಾನದಿಂದ ಪಂಚಾಯಿತಿಗೆ ಆರಿಸಿ ಬಂದಾಗ ಅವಳಿಗೆ ಅರವತ್ತೆರಡು.

ಅದೇ ವರ್ಷ, ಎರಡು ಸಾವಿರದ ಹದಿನಾರರಲ್ಲಿ, ಊರ ಗುಡ್ಡಕ್ಕೆ ಸೈಕಲ್ಲಿನ ಜನ ಬಂದರು. ಸಾಂಗಲಿ ಮಿರಜಿನವರು ಒಂದು ಕಾಲಕ್ಕೆ ಸೈಕಲ್ ಬಿಟ್ಟು ಸ್ಕೂಟರ್ ಹತ್ತಿದ್ದರು, ಸ್ಕೂಟರ್ ಬಿಟ್ಟು ಕಾರು ಹತ್ತಿದ್ದರು. ಈಗ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ವಾಡಿಯ ತನಕ ಬಂದು, ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ, ಮೈಬೆವರಿಳಿಸಿಕೊಂಡು ಮೇಲೆ ಹೋಗಿ, ಅಷ್ಟೇ ಜೋರಾಗಿ ಕೆಳಗೆ ಬರುತ್ತಿದ್ದರು. ಮಿರಜಿನ ಡಾಕ್ಟರರು, ಕುಪವಾಡದಲ್ಲಿ ಕಾರಖಾನೆ ಇದ್ದವರು. ಅವರಿಗೆಂದೇ ಗುಡ್ಡದ ಮೇಲೊಂದು ಹಾದಿ ಕಡಿಯಲು ಪ್ರವಾಸೋದ್ಯಮದ ಹನ್ನೊಂದು ಲಕ್ಷ ಮಂಜೂರಾಗಿತ್ತು. ನಾಲ್ಕು ಲಕ್ಷದಲ್ಲಿ ಅರ್ಧ ಗುಡ್ಡದ ತನಕ ಹಾದಿ ಆಗಿತ್ತು. ಉಳಿದ ಏಳು ಲಕ್ಷಕ್ಕೆ ಪಂಚಾಯಿತಿಯ ಠರಾವು ಬೇಕಿತ್ತು. ಏಳು ಮಂದಿ ಸದಸ್ಯರಲ್ಲಿ ಮೂವರು ಬೇಕು ಎಂದರು, ಮೂವರು ಬೇಡ ಎಂದರು.

"ಮಾವಶಿ, ಎಲ್ಲಾ ನಿಮ್ಮ ಸಹಿ ಮ್ಯಾಲ ನಿಂತೈತಿ ನೋಡ್ರಿ" ಎಂದ ಸರಪಂಚ ಭೂಪಾಲ.

"ನಿಂತ್ರ ನಿಲ್ಲಲಿ. ನನ್ನ ಕಾಲು ಇನ್ನೂ ನಡೀತಾವ. ನಡದು ನೋಡಿ ಹೇಳತೇನಿ."

"ಇಂಜಿನಿಯರ್ ಸಾಹೇಬ್ರು ನೋಡಿ ಹೋಗ್ಯಾರ್ರಿ."

"ಅವರು ಜೀಪಿನಾಗ ಕುಂತು ನೋಡ್ಯಾರ. ಜೀಪು ಗುಡ್ಡ ಹತ್ತೂದಿಲ್ಲಲ್ಲಪಾ."

ಸೀತವ್ವನ ಚಿಂತೆಯೆಲ್ಲ ಗುಡ್ಡದ ಬುಡದ ಕೆರೆಯದು. ಎಪ್ಪತ್ತೆರಡರ ದುಷ್ಕಾಳದ ಕೆಲಸದಲ್ಲಿ ಊರೆಲ್ಲ ಸೇರಿ ಏರಿ ಹಾಕಿದ ಕೆರೆ ಅದು. ಕೆಳಗಿನ ಹದಿನಾಲ್ಕು ಬಾವಿಗಳಿಗೆ ಅದರದೇ ನೀರು ಇಂಗುತ್ತಿತ್ತು. ಗುಡ್ಡದ ಮಣ್ಣು ಸಡಿಲಾಗಿ ಕೆರೆಗೆ ಇಳಿದರೆ ನಾಲ್ಕು ಮಳೆಗಾಲದಲ್ಲಿ ಹೂಳು ತುಂಬಿ ಬಾವಿಗಳು ಬತ್ತುತ್ತವೆ. ಇನ್ನೊಂದು ಸಂಶಯವೂ ಇತ್ತು. ಮಿರಜ ರಸ್ತೆಯಲ್ಲಿ ಅವಳು ಕಣ್ಣಾರೆ ಕಂಡದ್ದು: ಮೊದಲು ಹೊಲದೊಳಗೆ ಒಂದು ಹಾದಿ, ಆಮೇಲೆ ಸುಣ್ಣ ಬಳಿದ ಕಲ್ಲು, ಆಮೇಲೆ ಪ್ಲಾಟಿನ ಬೋರ್ಡು.

ಮರುದಿನ ಮಾರಿಗೊಂದು ಗಂಟು ಹಾಕಿದ ಹಗ್ಗ, ಕೈಯಲ್ಲೊಂದು ಕೋಲು ಹಿಡಿದು ಗುಡ್ಡಕ್ಕೆ ಹೋದಳು. ಬುಡದಿಂದ ಅರ್ಧ ಗುಡ್ಡಕ್ಕೆ ಆಡಿನ ದಾರಿ ನೆಟ್ಟಗೆ ಇನ್ನೂರ ಹತ್ತು ಹೆಜ್ಜೆ. ಹೊಸ ಹಾದಿ ಹಾವಿನಂತೆ ಅತ್ತ ಇತ್ತ ಹೊರಳಿ ಅಲ್ಲಿಗೇ ಮುಟ್ಟಲು ಸಾವಿರದ ಮುನ್ನೂರ ಅರವತ್ತು ಹೆಜ್ಜೆ. ನಡುನಡುವೆ ಉಬ್ಬು, ಉಬ್ಬಿನ ಹಿಂದೆ ತಗ್ಗು. ಕೂಲಿ ಮಾಡಿದವರಿಗೆಲ್ಲ ಗೊತ್ತಿರುವ ಮಾತು: ಹಾದಿಯ ಬಿಲ್ಲು ಉದ್ದದ ಮೇಲೆ ಆಗುತ್ತದೆ. ತಿರುವಿದಷ್ಟೂ ಉದ್ದ, ಉದ್ದವಾದಷ್ಟೂ ಬಿಲ್ಲು.

ಹಾದಿ ಮಾಡಿಸುತ್ತಿದ್ದವಳು ಸಾಂಗಲಿಯ ಮೃಣ್ಮಯಿ, ಇಪ್ಪತ್ತೆಂಟರ ಹುಡುಗಿ. ತಲೆಯ ಮೇಲೆ ಹೆಲ್ಮೆಟು, ಬಿಸಿಲಿಗೆ ಸುಲಿದ ಮೂಗು. ಅಜ್ಜಿಯಿಂದ ಕಲಿತ ಕನ್ನಡ ಅವಳಿಗೆ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಮರಾಠಿಯೇ ಮೊದಲು ಬರುತ್ತಿತ್ತು.

"ಯಾ ಆಜಿ, ಬಸಾ. ಕೂಡ್ರಿ, ಚಹಾ ಕುಡೀರಿ."

"ಬ್ಯಾಡವ್ವಾ. ಚಹಾ ಕುಡದ್ರ ಅಳತಿ ತಪ್ಪತೈತಿ. ಇದನ್ನ ಇಷ್ಟ್ಯಾಕ ತಿರುವೀದಿ? ಮೀಟರಿಗೆ ಎಷ್ಟು ಸಿಗತೈತಿ ನಿನಗ?"

ಹುಡುಗಿ ನಕ್ಕಳು. ಸೀತವ್ವ ಆ ನಗುವನ್ನೂ ಸಂಶಯದಿಂದಲೇ ನೋಡಿದಳು.

"ಮೀಟರ್ ಲೆಕ್ಕ ನಾಹೀ ಆಜಿ. ನೆಟ್ಟಗ ಮಾಡಿದ್ರ ನೀರು ಹಾದಿಯಾಗೇ ಓಡತೈತಿ, ಹಾದಿನೇ ಹಳ್ಳ ಆಗತೈತಿ. ಅಡ್ಡ ಮಾಡಿದ್ರ ನೀರು ದಾಟಿ ಹೋಗತೈತಿ. ಹೊರಗಿನ ಬದಿ ಸ್ವಲ್ಪ ಇಳಿಜಾರು ಇಟ್ಟೇವಿ, ಬಘಾ, ನೋಡ್ರಿ."

"ಪುಸ್ತಕದಾಗ ಹಂಗ ಬರದಾರೇನು?"

"ಹೋ, ಬರದಾರ."

"ಪುಸ್ತಕ ಓದಿದ ನೀರು ನಮ್ಮ ಗುಡ್ಡದಾಗ ಇಲ್ಲ. ಸುರುವಿ ನೋಡೂಣು."

ಮಣ್ಣು ತೋಯಿಸಲು ತರಿಸಿದ ನೀರು ಬ್ಯಾರಲ್ಲಿನಲ್ಲಿತ್ತು. ಕೆಲಸಕ್ಕಿದ್ದ ಇಪ್ಪತ್ತೆರಡು ಹೆಂಗಸರೂ ವಾಡಿಯವರೇ. ಅವರ ಮುಂದಾಳು ಮಂದಾ ಕೊಡ ತುಂಬಿಕೊಟ್ಟಳು. ಸೀತವ್ವ ಆರು ಕೊಡ ಆಡಿನ ದಾರಿಗೆ ಸುರಿಸಿದಳು. ನೀರು ಕೆಂಪು ಮಣ್ಣು ಹೊತ್ತುಕೊಂಡು ನೆಟ್ಟಗೆ ಇಳಿದು, ಮೂವತ್ತೊಂದು ಹೆಜ್ಜೆ ಕೆಳಗಿನ ಕಳ್ಳಿಯ ಬುಡ ಮುಟ್ಟಿತು. ಆರು ಕೊಡ ಹೊಸ ಹಾದಿಯ ಮೂರನೇ ತಿರುವಿಗೆ ಸುರಿಸಿದಳು. ನೀರು ಹಾದಿಯಲ್ಲಿ ನಾಲ್ಕು ಹೆಜ್ಜೆ ಬಂದು, ಉಬ್ಬಿಗೆ ತಡೆದು, ತಗ್ಗಿನಿಂದ ಹೊರಗೆ ಹಾರಿ ಹುಲ್ಲಿನಲ್ಲಿ ಇಂಗಿತು. ಹುಲ್ಲಿನೊಳಗೆ ಕೈಯಿಟ್ಟು ನೋಡಿದಳು. ಬೆರಳಿಗೆ ಹತ್ತಿದ ನೀರು ತಿಳಿಯಾಗಿಯೇ ಇತ್ತು.

ಸಂಶಯ ಸುಳ್ಳಾದರೆ ಬೇರೆಯವರಿಗೆ ಹಗುರಾಗುತ್ತದೆ. ಸೀತವ್ವನಿಗೆ ಎಲ್ಲೋ ಎಣಿಕೆ ತಪ್ಪಿದೆ ಎನ್ನಿಸುತ್ತಿತ್ತು. ಒಂದೊಂದೇ ತಿರುವಿಗೆ ಹೋಗಿ ಹಾದಿಯ ಹೊರಗಿನ ಅಂಚಿಗೆ ಕೋಲು ಚುಚ್ಚಿದಳು. ಎಂಟು ತಿರುವುಗಳಲ್ಲಿ ಕೋಲು ಅರ್ಧ ಬೆರಳೂ ಇಳಿಯಲಿಲ್ಲ. ಒಂಬತ್ತನೆಯದರಲ್ಲಿ ಒಂದು ಗೇಣು ಇಳಿಯಿತು. ಮುಂದೆ ಎಂಟು ಮಾರು ಹಾಗೆಯೇ. ತಿರುಗಿ ನೋಡಿದರೆ ಮಂದಾ ಸೆರಗಿನ ತುದಿ ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಇಂಥ ಮಣ್ಣು ಸೀತವ್ವನಿಗೆ ಹೊಸದಲ್ಲ.

ದುಷ್ಕಾಳದ ಕೆಲಸದಲ್ಲಿ ಕೂಲಿ ಕೊಡುತ್ತಿದ್ದದ್ದು ಅಗೆದ ಗುಂಡಿಯ ಅಳತೆಯ ಮೇಲೆ. ಎಷ್ಟು ಆಳ ಅಗೆದರೆಂದು ಆಮೇಲೆ ತಿಳಿಯಲಿ ಎಂದು ಗುಂಡಿಯ ನಡುವೆ ಒಂದು ಮಣ್ಣಿನ ಕಂಬವನ್ನು ಅಗೆಯದೆ ಬಿಡುತ್ತಿದ್ದರು. ಆ ಕಂಬವೇ ಸಾಕ್ಷಿ. ಕೂಲಿ ಲೆಕ್ಕ ಇಡುವ ಮುಕಾದಮ ಧೋಂಡಿಬಾ ಟೇಪು ಹಿಡಿದು ಅದರ ಎತ್ತರ ಬರೆದುಕೊಳ್ಳುವನು. ಸೀತವ್ವ ಆಗ ಹತ್ತೊಂಬತ್ತರ ಹೊಸ ಸೊಸೆ. ಒಂದು ವಾರ ಜ್ವರ ಬಂದು ಕೈ ಸೋತಿತ್ತು. ಮನೆಯಲ್ಲಿ ಅತ್ತೆ ಮಾವ, ಇಬ್ಬರು ಮೈದುನರು, ಸರಕಾರದವರು ಹಂಚುತ್ತಿದ್ದ ಸುಕಡಿಯ ಹಿಟ್ಟು ಬಿಟ್ಟರೆ ಬೇರೆ ಊಟವಿಲ್ಲ. ಅವಳು ತನ್ನ ನಾಲ್ಕು ಗುಂಡಿಗಳ ಕಂಬಗಳಿಗೂ ಹಸಿಮಣ್ಣಿನ ಟೊಪ್ಪಿಗೆ ಹಾಕಿದಳು, ಒಂದೊಂದಕ್ಕೂ ಒಂದು ಗೇಣು. ಧೋಂಡಿಬಾ ಆ ಗೇಣನ್ನೂ ಸೇರಿಸಿ ಅಳೆದು ಬರೆದುಕೊಂಡ. ಕೂಲಿ ಬಂತು. ಏರಿಗೆ ಹೋಗಬೇಕಾದ ಅಷ್ಟು ಮಣ್ಣು ಹೋಗಲಿಲ್ಲ. ಅವಳ ಪಾಲಿನ ಜಾಗದಲ್ಲಿ ಏರಿ ಇವತ್ತಿಗೂ ಒಂದು ಗೇಣು ತಗ್ಗು, ಜೋರು ಮಳೆಯಾದರೆ ನೀರು ಮೊದಲು ಮೇಲೆ ಹತ್ತುವುದು ಅಲ್ಲಿಯೇ. ಪ್ರತಿ ವರ್ಷ ಮೊದಲ ಮಳೆಯ ಮರುದಿನ, ಮಣ್ಣು ಹದವಾಗಿರುವಾಗ, ಅವಳು ಅಲ್ಲಿಗೆ ಇಪ್ಪತ್ತು ಬುಟ್ಟಿ ಮಣ್ಣು ಹೊತ್ತು ತುಳಿದು ಬರುತ್ತಿದ್ದಳು. ಮಳೆಗಾಲ ಮುಗಿಯುವುದರೊಳಗೆ ಅದು ಮತ್ತೆ ಕುಸಿಯುತ್ತಿತ್ತು. ಊರು ಅದನ್ನು ಹರಕೆ ಅಂದುಕೊಂಡಿತ್ತು.

"ಕೆಳಗ ಏನ ಹತ್ತಿತು? ಕಲ್ಲೇನು?" ಎಂದು ಸೀತವ್ವ ಮೆಲ್ಲಗೆ ಕೇಳಿದಳು.

ಮಂದಾ ಹತ್ತಿರ ಬಂದಳು. "ಕರೀ ಕಲ್ಲು, ಅತ್ಯಾ. ಗುದ್ದಲಿ ಇಳೀಲಿಲ್ಲ. ಶನಿವಾರ ಪಗಾರದ ದಿನ. ಅಗಲ ಸಾಲಲಿ ಅಂತ ಹೊರಗ ಮಣ್ಣ ಸುರುವಿ, ಸಲಿಕಿ ಬೆನ್ನಲೆ ಬಡದು, ನೀರು ಹೊಡದ್ವಿ. ಮೃಣ್ಮಯಿ ಬಾಯಾರಿಗೆ ಗೊತ್ತಾಗಲಿಲ್ಲ. ಹೇಳಬ್ಯಾಡ್ರಿ ಅತ್ಯಾ, ಬ್ಯಾಡ ಅನ್ನೂ ಮೂರು ಮಂದಿಗೆ ಇಷ್ಟ ಸಾಕು. ಇಪ್ಪತ್ತೆರಡು ಒಲಿ ಆರತಾವ."

ಹೇಳಿದರೆ ಇವರ ಕೆಲಸ ಹೋಗುತ್ತದೆ. ಹೇಳದಿದ್ದರೆ ಮೊದಲ ಮಳೆಗೆ ಈ ಎಂಟು ಮಾರು ಮಣ್ಣು ಕೆರೆಗೆ ಇಳಿಯುತ್ತದೆ. ಸೀತವ್ವ ಕೆಳಗಿನ ಏರಿಯನ್ನೊಮ್ಮೆ ನೋಡಿದಳು. ಆಮೇಲೆ ಮೃಣ್ಮಯಿಯನ್ನು ಕೂಗಿದಳು. ಮಂದಾಳ ಮುಖ ಸುಣ್ಣದಂತಾಯಿತು.

ಸೀತವ್ವ ಒಂಬತ್ತನೇ ತಿರುವಿನ ಮಾತು ಎತ್ತುವ ಮೊದಲು ತನ್ನ ಮಾತು ಎತ್ತಿದಳು. ನಾಲ್ಕು ಗುಂಡಿ, ನಾಲ್ಕು ಟೊಪ್ಪಿಗೆ, ಒಂದು ಗೇಣು ತಗ್ಗು. ಶಿದ್ರಾಮನಿಗೂ ಹೇಳದ ಮಾತನ್ನು ನಲವತ್ತಮೂರು ವರ್ಷದ ಮೇಲೆ ಸಾಂಗಲಿಯ ಹುಡುಗಿಯ ಮುಂದೆ ಹೇಳಿದಳು. ಹೇಳಿ ಮುಗಿಸಿ ಕೋಲನ್ನು ಹಾದಿಯ ಅಂಚಿಗೆ ಚುಚ್ಚಿ ತೋರಿಸಿದಳು.

"ನಾ ಮಾಡಿದ್ದು ನನಗ ಗುರುತು ಸಿಕ್ಕಿತು. ಇವರನ್ನ ಬೈಬ್ಯಾಡ. ಬೈಯೂದಿದ್ರ ಇಬ್ಬರಿಗೂ ಕೂಡೇ ಬೈ."

ಮೃಣ್ಮಯಿ ಬೈಯಲಿಲ್ಲ. ಮೊಣಕಾಲೂರಿ ಕೈಯಿಂದ ಸಡಿಲ ಮಣ್ಣು ಕೆದರಿ ಕಲ್ಲು ಕಂಡಳು. "ಈ ಕಲ್ಲು ನಾನೇ ಮೊದಲು ನೋಡಬೇಕಿತ್ತು. ಚೂಕ್ ಮಾಝೀ, ತಪ್ಪು ನಂದು" ಎಂದಳು. ಆಮೇಲೆ ಮೇಲಕ್ಕೆ ನೋಡಿ, ಅಳುಕುತ್ತ, "ಕಲ್ಲಿನ ಮ್ಯಾಲಿಂದ ಸುತ್ತು ಹಾಕಬೇಕು, ಆಜಿ. ಇನ್ನೊಂದು ತಿರುವು ಬರತೈತಿ."

"ಇನ್ನೂ ಒಂದು!" ಎಂದಳು ಸೀತವ್ವ. ಮಂದಾ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ಮೂರು ದಿನದ ಕೆಲಸವಾಯಿತು. ಮೊದಲ ಗುದ್ದಲಿ ಸೀತವ್ವನದು. ಹೊಸ ತಿರುವಿನ ಬದಿಗೆ ಅವಳು ಒಂದು ಮಣ್ಣಿನ ಕಂಬವನ್ನು ಅಗೆಯದೆ ಬಿಡಿಸಿದಳು, ತಲೆಯ ಮೇಲಿನ ಒಣಹುಲ್ಲೂ ಹಾಗೆಯೇ ಇರುವಂತೆ. ಹುಲ್ಲಿದ್ದರೆ ಟೊಪ್ಪಿಗೆ ಹಾಕಲು ಬರುವುದಿಲ್ಲ.

ಸಭೆಯಲ್ಲಿ ಅವಳು ಪೆನ್ನು ಹಿಡಿಯುವ ಮೊದಲು ಎರಡು ಮಾತು ಬರೆಸಿದಳು. ಏಳು ಲಕ್ಷದಲ್ಲಿ ಒಂದು ಲಕ್ಷ ಮುಟ್ಟದೆ ಇಟ್ಟು, ಪ್ರತಿ ವರ್ಷ ಮಳೆಗೆ ಮುಂಚೆ ನಾಲ್ಕು ದಿನ, ಮಳೆಯಾದ ಮೇಲೆ ನಾಲ್ಕು ದಿನ ಅದೇ ಹೆಂಗಸರಿಂದ ಹಾದಿ ತಿದ್ದಿಸಬೇಕು. ಗುಡ್ಡದ ಮೇಲೆ ಸುಣ್ಣ ಬಳಿದ ಒಂದೇ ಒಂದು ಕಲ್ಲು ಕಂಡರೂ ಠರಾವು ರದ್ದು.

"ಸೈಕಲ್ಲಿಗೆ ಇಷ್ಟು ರೊಕ್ಕಾ ಸುರುವೂದು ಚಲೋ ಅಂತೀರೇನ್ರಿ ಮಾವಶಿ?" ಎಂದು ಭೂಪಾಲ ಕೇಳಿದ.

"ಈಗ ಹೆಂಗ ಹೇಳಲಿ? ವರ್ಷಾ ವರ್ಷಾ ತಿದ್ದಿದ್ರ ಪಾಡ. ಬಿಟ್ರ ಹನ್ನೊಂದು ಲಕ್ಷದ ರಾಡಿ ಕೆರಿಯಾಗ ಕೂಡತೈತಿ. ಐದು ವರ್ಷ ಬಿಟ್ಟು ಕೇಳು."

ಜೂನಿನ ಎರಡನೇ ವಾರ ಮೊದಲ ಮಳೆ ಬಂತು. ಮರುದಿನ ಬೆಳಗ್ಗೆ ಸೀತವ್ವ ಕೆರೆಗೆ ನೀರು ಬರುವ ಎರಡು ಕಾಲುವೆಗಳಿಂದ ಎರಡು ಗಾಜಿನ ಗ್ಲಾಸಿನಲ್ಲಿ ನೀರು ಹಿಡಿದು ಕಲ್ಲಿನ ಮೇಲಿಟ್ಟು ಕಾದಳು. ಆಡಿನ ದಾರಿಯ ಗ್ಲಾಸಿನಲ್ಲಿ ತಳಕ್ಕೆ ಎರಡು ಬೆರಳು ಮಣ್ಣು ಕುಳಿತಿತು. ಸೈಕಲ್ ಹಾದಿಯ ಕಡೆಯದರಲ್ಲಿ ಉಗುರಿನಷ್ಟು. ಉಗುರಿನಷ್ಟೂ ಯಾಕೆ ಬಂತು ಎಂದು ಅವಳು ಗುಡ್ಡದ ಕಡೆ ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿದಳು.

ಬುಟ್ಟಿ ಹೊತ್ತು ಏರಿಯ ತಗ್ಗಿಗೆ ಬಂದರೆ ಅಲ್ಲಿ ಮಂದಾ ಆಗಲೇ ಮಣ್ಣು ಸುರಿದು ತುಳಿಯುತ್ತಿದ್ದಳು.

"ಯಾರು ಹೇಳಿದ್ರು ನಿನಗ?"

"ಯಾರೂ ಇಲ್ಲ. ಹತ್ತು ಬುಟ್ಟಿ ನಿಮ್ಮವು, ಹತ್ತು ನನ್ನವು. ನನ್ನವು ಮುಗದೂವು, ಅತ್ಯಾ."

ಸೀತವ್ವ ಬುಟ್ಟಿ ಇಳಿಸಿ, ತುಳಿದ ಮಣ್ಣಿನ ಮೇಲೆ ಗೇಣು ಹಾಕಿ, ಕೋಲು ಚುಚ್ಚಿ ನೋಡಿದಳು.

"ಒಂಬತ್ತು" ಎಂದಳು.

ಮಂದಾ ಖಾಲಿ ಬುಟ್ಟಿ ಎತ್ತಿಕೊಂಡು ಹತ್ತನೆಯದಕ್ಕೆ ಮಣ್ಣು ತರಲು ಹೋದಳು.